ಹೊಲವಿಲ್ಲದವನ ಮುಯ್ಯಿ

ಅಂಕನಕೊಪ್ಪಲಿನ ಮೇಲ್ಹೊಲಗಳಲ್ಲಿ ಸುಣ್ಣದ ಗೆರೆ ಬಿದ್ದ ದಿನ ಊರಿನವರೆಲ್ಲ ಅದನ್ನು ನಾಲೆಯೆಂದು ತಿಳಿದರು. ಬೇರೆ ಸೀಮೆಯವರು ಇಂಥ ತಪ್ಪು ಮಾಡುತ್ತಿರಲಿಲ್ಲ. ಮಳವಳ್ಳಿಯಿಂದ ಮದ್ದೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಒಂದು ಕಿಟಕಿಯಲ್ಲಿ ಕಬ್ಬು, ಇನ್ನೊಂದು ಕಿಟಕಿಯಲ್ಲಿ ಕಲ್ಲುಮೊರಡಿ ಕಾಣುವ ಜಾಗ ಅದು. ನಾಲೆಯ ನೀರು ಎರಡು ಮೈಲಿ ದೂರದಲ್ಲೇ ನಿಂತುಬಿಟ್ಟಿತ್ತು. ಕೊಪ್ಪಲಿನ ಹೆಂಗಸರು ನಾಲೆಯೂರುಗಳಿಗೆ ನಾಟಿಗೆ ಹೋಗಿ, ಸಂಜೆ ಕೆಸರು ಮೆತ್ತಿದ ಕಾಲಿನಲ್ಲಿ ತಮ್ಮದೇ ಒಣ ಹೊಲಗಳನ್ನು ದಾಟಿ ಮನೆಗೆ ಬರುತ್ತಿದ್ದರು. ಯಾರಾದರೂ ಮೂರು ಕಾಲಿನ ಕೋಲಿನ ಮೇಲೆ ದುರ್ಬೀನು ಕೂರಿಸಿ, ಕೆಂಪು ಬಾವುಟ ನೆಟ್ಟು, ನೆಲದ ಮೇಲೆ ಗೆರೆ ಎಳೆದರೆಂದರೆ ಅದು ನಾಲೆಯೇ. ಮೂವತ್ತು ವರ್ಷಗಳಿಂದ ಸುತ್ತಮುತ್ತ ಅವರು ಕಂಡದ್ದು ಅದನ್ನೇ.

ನಾನು, ಯೋಗಾನರಸಿಂಹ, ಆ ಊರಿನ ಶಾಲೆಯ ಮೇಷ್ಟ್ರು. ಮಳವಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವನು. ಬಸ್ಸು ನಿಲ್ಲುವ ಜಾಗದಿಂದ ಊರಿಗೆ ಒಂದು ಮೈಲಿ ನಡೆಯಬೇಕು. ಆ ದಾರಿಯಲ್ಲಿ ಜವರಯ್ಯನ ಗಾಡಿ ಸಿಕ್ಕಿದ ದಿನ ನನ್ನನ್ನು ನಡೆಯಲು ಬಿಟ್ಟದ್ದಿಲ್ಲ. ಅವರೆಕಾಯಿಯ ಕಾಲದಲ್ಲಿ ಅವನ ಹೆಂಡತಿ ಬೆಟ್ಟಮ್ಮ ಟವಲಿನಲ್ಲಿ ಗಂಟು ಕಟ್ಟಿ, "ಅಮ್ಮಾವ್ರಿಗೆ ಕೊಡಿ, ನೀವು ದಾರೀಲಿ ತಿನ್ಬ್ಯಾಡಿ" ಎಂದು ನನ್ನ ಕೈಗೆ ತುರುಕುತ್ತಿದ್ದಳು. ಒಂಬತ್ತು ವರ್ಷಗಳಲ್ಲಿ ಆ ಊರು ನನಗೆ ಕೊಟ್ಟದ್ದು ಬಹಳ. ನಾನು ಅವರಿಗೆ ಕೊಟ್ಟದ್ದು ಮಗ್ಗಿ ಮತ್ತು ಉಪದೇಶ.

ಸಾವಿರದ ಒಂಬೈನೂರ ಎಪ್ಪತ್ತಮೂರರ ಮಾರ್ಚ್ ತಿಂಗಳು. ಗೆರೆ ಎಳೆದವನು ಭೂಸಂರಕ್ಷಣೆಯ ಕೆಲಸಕ್ಕೆಂದು ಬಂದಿದ್ದ ಸಿದ್ದರಾಜು ಎಂಬ ಮೇಲ್ವಿಚಾರಕ. ದುದ್ದದ ಕಡೆಯ ರೈತರ ಮನೆಯ ಹುಡುಗ, ಕೆಟ್ಟವನಲ್ಲ. ಅವನು ಗುರುತು ಮಾಡಿದ್ದು ಸಮಪಾತಳಿ ಬದುವಿಗೆ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಉದ್ದಕ್ಕೂ ಮಣ್ಣಿನ ಏರಿ ಹಾಕಿದರೆ ಬಿದ್ದ ಮಳೆ ಹೊಲದಲ್ಲೇ ನಿಂತು ಇಂಗುತ್ತದೆ, ಮೇಲ್ಮಣ್ಣು ಕೊಚ್ಚಿಹೋಗುವುದಿಲ್ಲ. ಹೆಚ್ಚಾದ ನೀರು ಏರಿಯ ಕೊನೆಯಲ್ಲಿ ಕಲ್ಲು ಜೋಡಿಸಿದ ಕೋಡಿಯ ಮೇಲೆ ಹರಿದು ಹಳ್ಳ ಸೇರುತ್ತದೆ. ಗೆರೆ ಹನ್ನೊಂದು ಮನೆಗಳ ಹೊಲಗಳನ್ನು ಹಾಯುತ್ತಿತ್ತು. ಪೂರ್ವದ ತುದಿಯಲ್ಲಿ ಅಂಕಯ್ಯ ಮೊದಲಾದವರ ಹೊಲ, ಆಮೇಲೆ ಜವರಯ್ಯನದು, ಕೋಡಿ ಬರುವ ಪಶ್ಚಿಮದ ತುದಿಯಲ್ಲಿ ಹೊನ್ನಯ್ಯನದು. ಗೆರೆ ಇಲಾಖೆಯದು, ಮೈಕೆಲಸ ಊರಿನದು ಎಂದು ಒಪ್ಪಂದ.

ಜನ ಎದ್ದು ಬಂದ ಪರಿಯನ್ನು ನೋಡಿ ನಾನು ಹಿಗ್ಗಿದೆ. ಕರೆಯದೆಯೇ ಮನೆಗೆ ಇಬ್ಬರಂತೆ ಬಂದರು. ಗುದ್ದಲಿ, ಪಿಕಾಸಿ, ಮಣ್ಣು ಹೊರುವ ಮಂಕರಿ. ಹನ್ನೊಂದು ಮನೆಯವರೂ ಒಟ್ಟಾಗಿ ಅಂಕಯ್ಯನ ಹೊಲದಿಂದ ಕೆಲಸ ಹಿಡಿದು ಒಂಬತ್ತು ದಿನಗಳಲ್ಲಿ ಜವರಯ್ಯನ ಹೊಲದ ನಡುಮಧ್ಯಕ್ಕೆ ಬಂದರು. ಗ್ರಾಮಸ್ಥರ ಸಹಕಾರದ ಬಗ್ಗೆ ನಾನು ಮಕ್ಕಳಿಗೆ ಒಂದು ಪ್ರಬಂಧವನ್ನೇ ಬರೆಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹತ್ತನೆಯ ದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ಬೆಟ್ಟಮ್ಮ ಹೊನ್ನಯ್ಯನ ಹೊಲದಲ್ಲಿ ಬಗ್ಗಿ ಕುಳಿತಿರುವುದು ಕಂಡಿತು. ಸುಣ್ಣದ ಗೆರೆಯ ಮೇಲೆ ಹತ್ತು ಹೆಜ್ಜೆಗೊಂದರಂತೆ ಮೊಳಕಾಲೆತ್ತರದ ಕಲ್ಲು ನೆಟ್ಟು, ಅರಿಸಿನ ಬಳಿದು, ಕುಂಕುಮ ಇಡುತ್ತಿದ್ದಳು. ಜವರಯ್ಯನ ಹೊಲದಿಂದ ಕೋಡಿಯವರೆಗೂ ಸಾಲು ಮುಗಿಯುತ್ತ ಬಂದಿತ್ತು.

"ಏನು ಬೆಟ್ಟಮ್ಮ, ಯಾವ ದೇವರು ಇದು?"

"ಗಂಗಮ್ಮ ಕಣ್ ಬುಡಿ. ಬರೋ ದಾರಿ ಬರಿಗೆರೆ ಆಗ್ಬಾರ್ದಲ್ವಾ." ಕೈಯ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: "ಓದಿರೋರು ನೀವು, ಯೋಳಿ. ನಾಟಿ ಒತ್ಗೆ ನೀರು ಬುಡ್ತಾರಾ, ಇಲ್ಲಾ ಮುಂದ್ಲೊರ್ಸವಾ?"

"ಯಾವ ನೀರು?"

"ನಾಲೆ ನೀರು ಕಣ್ ಮೇಸ್ಟ್ರೆ. ಇನ್ಯಾವ್ದು?"

ಅವಳ ಮುಖದಲ್ಲಿದ್ದ ಸಂತೋಷ ನಾನು ಬರೆಸಿದ ಪ್ರಬಂಧವನ್ನು ಅಲ್ಲಿಯೇ ಹರಿದು ಹಾಕಿತು.

ಶಾಲೆಯ ಬಾಗಿಲು ತೆಗೆಯದೆ ನೇರವಾಗಿ ಸಿದ್ದರಾಜುವಿನ ಬಳಿಗೆ ಹೋದೆ. ಹುಣಸೆಮರದ ನೆರಳಿನಲ್ಲಿ ಅವನು ದುರ್ಬೀನಿನ ಗಾಜನ್ನು ಒರೆಸುತ್ತಿದ್ದ.

"ಇದು ನಾಲೆಯೆಂದು ಜನ ನಂಬಿದ್ದಾರೆ. ನಿಮಗೆ ಗೊತ್ತೇ?"

ಅವನು ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಸಾರ್. ಮೊದಲ ದಿನವೇ ಗೊತ್ತಾಯ್ತು."

"ಹೇಳಲಿಲ್ಲವೇಕೆ?"

"ನಾನು ನಾಲೆ ಅಂತ ಒಂದು ಸಲವೂ ಹೇಳಿಲ್ಲ ಸಾರ್. ಅವರೇ ಅಂದ್ಕೊಂಡ್ರು. ಪಕ್ಕದೂರಲ್ಲಿ ಬದು ಅಂತ ಹೇಳ್ದೆ, ಒಬ್ರೂ ಬರಲಿಲ್ಲ. ನನ್ನ ಹೊಲ ಸೀಳಬೇಡ ಅಂತ ಕಲ್ಲು ತಗೊಂಡು ಬಂದ್ರು. ಇಲ್ಲಿ ನೋಡಿ, ಒಂಬತ್ತು ದಿನಕ್ಕೆ ಅರ್ಧಕ್ಕಿಂತ ಹೆಚ್ಚಾಗಿದೆ. ಯೋಗಾನರಸಿಂಹ ಸಾರ್, ಇನ್ನೊಂದು ವಾರ ಸುಮ್ನಿರಿ. ಮಳೆ ಬಂದ್ಮೇಲೆ ಅವರಿಗೇ ಇದರ ಗುಣ ಗೊತ್ತಾಗುತ್ತೆ."

ಅವನ ಮಾತಿನಲ್ಲಿ ಲೆಕ್ಕವಿತ್ತು, ಸದುದ್ದೇಶವೂ ಇತ್ತು. ಆದರೂ ನನ್ನ ಮೈ ಉರಿಯಿತು. ಒಬ್ಬರ ತಪ್ಪು ತಿಳಿವಳಿಕೆಯನ್ನು ಕಂಡೂ ಅದರಿಂದ ಕೆಲಸ ಮಾಡಿಸಿಕೊಳ್ಳುವುದನ್ನು ನಾನು ಸುಳ್ಳೆಂದೇ ಕರೆಯುತ್ತೇನೆ. ಬಾಯಿ ತೆರೆಯದೆ ಹೇಳಿದ ಮಾತ್ರಕ್ಕೆ ಸುಳ್ಳಿನ ತೂಕ ಕಡಿಮೆಯಾಗುವುದಿಲ್ಲ. ಜನರಿಗೆ ಒಳ್ಳೆಯದನ್ನು ಮಾಡುತ್ತೇವೆಂದು ಹೊರಟವರು ಮೊದಲು ಆ ಜನರನ್ನು ಬುದ್ಧಿಯಿರುವವರೆಂದು ಒಪ್ಪಬೇಕು. ಕುರಿಯನ್ನು ಸೊಪ್ಪು ತೋರಿಸಿ ಕರೆದೊಯ್ಯುವ ಹಾಗೆ ಮನುಷ್ಯರನ್ನು ಕರೆದೊಯ್ಯಬಾರದು. ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ, ಕೊನೆಗೆ ಮೆಲ್ಲಗೆ ಅಂದ:

"ಹೇಳಿ ಸಾರ್. ಆದರೆ ಒಂದು ತಿಳ್ಕೊಳ್ಳಿ. ಬದು ಹಾಕದೆ ಇರೋದು ಒಂದು, ಅರ್ಧ ಹಾಕಿ ಬಿಡೋದು ಇನ್ನೊಂದು. ಮೇಲಿನ ಹೊಲಗಳ ನೀರೆಲ್ಲ ಈಗ ಈ ಏರಿ ಹಿಡ್ಕೊಂಡು ಬರುತ್ತೆ. ಏರಿ ಎಲ್ಲಿ ಮುಗಿಯುತ್ತೋ ಅಲ್ಲಿ ನುಗ್ಗುತ್ತೆ. ಅದು ಜವರಯ್ಯನ ಹೊಲ."

ನಾನು ಆ ಮಾತನ್ನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಸತ್ಯ ಹೇಳಲು ಹೊರಟವನ ಅವಸರದಲ್ಲಿದ್ದೆ.

ಊರಿನ ಚಾವಡಿಯಲ್ಲಿ ಎಲ್ಲರೂ ಸೇರಿದರು. ನಾನು ಕಪ್ಪುಹಲಗೆಯನ್ನೇ ಹೊರಿಸಿಕೊಂಡು ಹೋಗಿದ್ದೆ. ಇಳಿಜಾರು ಬರೆದೆ, ಏರಿ ಬರೆದೆ, ಬಾಣದ ಗುರುತು ಹಾಕಿ ನೀರು ಇಂಗುವುದನ್ನು ತೋರಿಸಿದೆ. ಇದು ನಾಲೆಯಲ್ಲ, ನಾಲೆಯ ನೀರು ಇಲ್ಲಿಗೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಬೆಟ್ಟಮ್ಮ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅರಿಸಿನ ಇನ್ನೂ ಹೋಗಿರಲಿಲ್ಲ.

"ಅಂಗಾದ್ರೆ ನಾಲೆ ಕೆಳಗಿನ ಕೆಬ್ಬಳ್ಳಿಯೋರಂಗೆ ನಾವು ಬತ್ತ ಬೆಳೆಯೋದು?" ಎಂದ ಅಂಕಯ್ಯ.

"ಆಗುವುದಿಲ್ಲ. ಆದರೆ ರಾಗಿ, ಎಳ್ಳು, ಹುರುಳಿ ಈಗಿನದಕ್ಕಿಂತ ಚೆನ್ನಾಗಿ ಬರುತ್ತವೆ."

"ರಾಗಿ ಬೆಳೆಯೋಕೆ ಗುದ್ಲಿ ಯಾಕ್ಲಾ ಸವೆಸ್ಬೇಕು?" ಹೊನ್ನಯ್ಯ ಪಕ್ಕದವನನ್ನು ಕೇಳಿದ, ಎಲ್ಲರಿಗೂ ಕೇಳುವಂತೆ. ಗೆರೆಗೆ ಅಡ್ಡ ಬರುತ್ತಿದ್ದ ಎರಡು ಜಾಲಿಮರಗಳನ್ನು ಅವನು ಆಗಲೇ ಕಡಿದು ಹಾಕಿದ್ದ. ಎದ್ದು ಪಂಚೆ ಕೊಡವಿ ನನ್ನ ಕಡೆ ತಿರುಗಿದ. "ಮೇಸ್ಟ್ರು ಸತ್ಯ ಯೋಳವ್ರೆ, ಒಳ್ಳೇದಾಯ್ತು. ಸತ್ಯ ಯೋಳೋಕೆ ಬಾಯಿ ಇದ್ರೆ ಆಯ್ತದೆ. ಮಣ್ಣು ಎತ್ತೋಕೆ ಸೊಂಟ ಬೇಕು. ನಮ್ ಸೊಂಟ ಒಂಬತ್ ದಿನ ಓಯ್ತು. ನಿಮ್ಗೆ ಐದೂಕಾಲು ಬಸ್ಸು ಬಂತೇನೋ, ನೋಡ್ಕಳಿ."

ಕೆಲವರು ನಕ್ಕರು. ಮರುದಿನ ಯಾರೂ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರ ನೋಡಿ ಇಲಾಖೆಯವರು ಸಿದ್ದರಾಜುವನ್ನು ಕೆರಗೋಡಿನ ಕಡೆಗೆ ಕಳಿಸಿದರು. ಅವನು ಕೋಲು, ದುರ್ಬೀನು, ಬಾವುಟಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದ. ಹೋಗುವಾಗ ನನಗೆ ನಮಸ್ಕಾರ ಮಾಡಿದ, ಅದು ನನ್ನನ್ನು ಇನ್ನಷ್ಟು ಚುಚ್ಚಿತು.

ಶಾಲೆಗೆ ಬೇಸಿಗೆ ರಜೆ ಬಂತು. ರಜೆಗೆ ಮುಂಚಿನ ಕೊನೆಯ ದಿನ ಸಂಜೆ ಜವರಯ್ಯನ ಹೊಲದ ಬಳಿ ನಿಂತೆ. ಪೂರ್ವದಿಂದ ಎದೆಯುಬ್ಬಿಸಿಕೊಂಡು ಬಂದ ಏರಿ ಹೊಲದ ನಡುವೆ ಫಕ್ಕನೆ ನಿಂತಿತ್ತು. ಆ ಎರಡು ಎಕರೆಯೇ ಅವನ ಸರ್ವಸ್ವ. ಅವನ ತಂದೆ ಕಲ್ಲಾಯ್ದು ಹೊಲ ಮಾಡಿದ್ದ, ಇವನು ವರ್ಷ ವರ್ಷವೂ ತಿಪ್ಪೆಗೊಬ್ಬರ ಹೊಡೆದು ಮಣ್ಣನ್ನು ಕಪ್ಪಾಗಿಸಿದ್ದ. ಒಂದು ಕೃತ್ತಿಕೆ ಮಳೆ ಸರಿಯಾಗಿ ಹೊಯ್ದರೆ ಒಂಬತ್ತು ಹೊಲಗಳ ನೀರು ಈ ತುದಿಯಲ್ಲಿ ನುಗ್ಗಿ ಆ ಮಣ್ಣನ್ನೆಲ್ಲ ಹಳ್ಳಕ್ಕೆ ಒಯ್ಯುತ್ತದೆ.

"ಬೇರೆಯವರು ಬರದಿದ್ದರೆ ನೀನೇ ಮುಂದುವರಿಸಬಾರದೇ?" ಎಂದೆ.

ಜವರಯ್ಯ ಬೀಡಿಯನ್ನು ಕಿವಿಯ ಸಂದಿನಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ. "ನಾವಿಬ್ರು ಎಷ್ಟು ಎತ್ತಾದು ಸ್ವಾಮಿ? ನನ್ನೊಲ ಮುಗ್ಸಿದ್ರೂ ಅಲ್ಲಿಂದ ಒನ್ನಯ್ಯನ್ ಒಲಕ್ಕೆ ನುಗ್ತದೆ. ಅವ್ನು ನನ್ ಕತ್ತು ಇಡೀತಾನೆ." ಆಮೇಲೆ ಅಂದ: "ನೀವು ಯೋಳಿದ್ದು ಸರಿಯಾಗೇ ಅದೆ. ಬ್ಯಾಸ್ರ ಮಾಡ್ಕಬ್ಯಾಡಿ."

ಅವನು ಬೈದಿದ್ದರೆ ನನಗೆ ನಿದ್ರೆ ಬರುತ್ತಿತ್ತು.

ಮಾರನೆಯ ದಿನ, ರಜೆಯ ಮೊದಲ ದಿನ, ನಾನು ಎಂದಿನ ಬಸ್ಸಿಗೇ ಹೊರಟೆ. ನನ್ನ ಹೆಂಡತಿ ವೇದವತಿ ಮನೆಯ ಗುದ್ದಲಿ ಹುಡುಕಿ ಕೊಟ್ಟಳು. ತುಳಸಿಕಟ್ಟೆಯ ಕಳೆ ಕೀಳುವುದಕ್ಕೆಂದು ಇಟ್ಟುಕೊಂಡಿದ್ದ ಸಣ್ಣ ಗುದ್ದಲಿ ಅದು. ಕಂಡಕ್ಟರು ಅದನ್ನು ನೋಡಿ, "ಮೇಷ್ಟ್ರೇ, ಬೆಂಡೇಕಾಯಿ ಗಿಡಕ್ಕಾ?" ಎಂದು ಕೇಳಿದ.

ಜವರಯ್ಯನ ಹೊಲದಲ್ಲಿ ಏರಿಯ ತುದಿಗೆ ಹೋಗಿ ಅಗೆಯತೊಡಗಿದೆ. ಅರ್ಧ ಗಂಟೆಯಲ್ಲಿ ಅಂಗೈ ಬೊಬ್ಬೆ ಎದ್ದಿತು. ಒಂದು ಗಂಟೆಯಲ್ಲಿ ಒಡೆಯಿತು. ಎತ್ತಿದ ಮಣ್ಣು ಒಂದು ಎಮ್ಮೆ ಮಲಗಿದಷ್ಟೂ ಆಗಿರಲಿಲ್ಲ. ಬೆಟ್ಟಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಏನ್ ಮೇಸ್ಟ್ರೆ, ಏನಾರ ಬಿದ್ದೋಯ್ತಾ, ಉಡುಕ್ತಿದ್ದೀರಾ?"

"ಬದು ಹಾಕುತ್ತಿದ್ದೇನೆ."

"ಅದ್ನ ಇಡ್ದಿರೋದು ನೋಡಿದ್ರೆ ಪೆನ್ನು ಇಡ್ದಂಗದೆ." ಗುದ್ದಲಿಯನ್ನು ಕಿತ್ತುಕೊಂಡು ತಿರುಗಿಸಿ ನೋಡಿ ಬದಿಗಿಟ್ಟಳು. ತನ್ನ ಗಂಡನನ್ನು ಕೂಗಿ ಕರೆದಳು. "ಏನ್ ನಿಂತಿದ್ದೀಯೆ? ಒಲಕ್ಕೆ ಮುಯ್ಯಾಳು ಬಂದವ್ರೆ. ಮುಯ್ಯಾಳ್ನ ಒಬ್ಬಂಟಿಯಾಗಿ ದುಡಿಯೋಕೆ ಬುಟ್ರೆ ಜನ ಏನಂದಾರು? ಒಳ್ಳೆ ಗುದ್ಲಿ ತಕ್ಕಬಾ."

ಮುಯ್ಯಾಳು ಎಂದರೆ ಕೂಲಿಯಾಳಲ್ಲ. ಇಂದು ನಾನು ನಿನ್ನ ಹೊಲದಲ್ಲಿ ಒಂದು ದಿನ ದುಡಿದರೆ, ನಾಳೆ ನೀನು ನನ್ನ ಹೊಲದಲ್ಲಿ ಒಂದು ದಿನ ದುಡಿದು ಆ ಮುಯ್ಯಿ ತೀರಿಸಬೇಕು. ತೀರಿಸದೆ ಆ ವರ್ಷದ ಬಿತ್ತನೆಗೆ ಕೂರಿಗೆ ಕಟ್ಟುವಂತಿಲ್ಲ. ಮುಯ್ಯಾಳಿಗೆ ಹೊಲದವರು ಬಿಸಿ ಊಟ ಹಾಕಬೇಕು, ಅವನ ಜೊತೆಗೆ ತಾವೂ ದುಡಿಯಬೇಕು. ಕೊಪ್ಪಲಿನಲ್ಲಿ ಬರೆದಿಡದ ಕಾನೂನು ಇದು, ಮುರಿದವರನ್ನು ನಾನು ಕಂಡಿಲ್ಲ.

ಮಧ್ಯಾಹ್ನ ಬೆಟ್ಟಮ್ಮ ಮುದ್ದೆ, ಉಪ್ಪೆಸರು ತಂದು ಹೊಂಗೆಯ ನೆರಳಿನಲ್ಲಿ ಇಟ್ಟಳು. ಎಲೆ ಹಾಕಿ ಹಿಂದೆ ಸರಿದು ನಿಂತಳು.

"ನಮ್ಮನೇದು ಉಣ್ತೀರಾ, ಇಲ್ಲಾ ಬಾಳೆಹಣ್ಣು ತರಿಸ್ಲಾ?"

"ಮುಯ್ಯಾಳಿಗೆ ಬಾಳೆಹಣ್ಣು ಕೊಡುವ ಪದ್ಧತಿ ಉಂಟೇ?"

ಅವಳು ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಮುದ್ದೆಯನ್ನು ಅಗಿದೆ. ಅದು ಹಲ್ಲಿಗೆಲ್ಲ ಅಂಟಿ ಬಾಯಿ ಕಟ್ಟಿತು. "ಅಗೀಬಾರ್ದು ಸ್ವಾಮಿ, ನುಂಗಿ, ಸುಮ್ನೆ ನುಂಗಿ" ಎಂದು ಜವರಯ್ಯ ಗಾಬರಿಯಿಂದ ನೀರು ಕೊಟ್ಟ. ಒಂಬತ್ತು ವರ್ಷ ಆ ಊರಿಗೆ ಪಾಠ ಹೇಳಿದವನಿಗೆ ಆ ಊರಿನ ಊಟ ಮಾಡಲು ಬರುತ್ತಿರಲಿಲ್ಲ. ನನ್ನ ವಿದ್ಯೆಯ ಬಗ್ಗೆ ಇದಕ್ಕಿಂತ ಕಠಿಣವಾದ ಟೀಕೆಯನ್ನು ಯಾರೂ ಮಾಡಿಲ್ಲ.

ಎಲೆ ಎತ್ತುವಾಗ ಜವರಯ್ಯ ಹಣೆ ಉಜ್ಜಿಕೊಂಡ. "ಎಲ್ಲಾ ಸರಿ. ನಿಮ್ಗೆ ಒಲ ಇಲ್ವಲ್ಲ. ಈ ಮುಯ್ಯಿ ನಾನೆಲ್ಲಿ ತೀರಿಸ್ಲಿ?"

ಬೆಟ್ಟಮ್ಮ ಮಂಕರಿಯನ್ನು ಅರ್ಧಕ್ಕೆ ಎತ್ತಿದವಳು ಹಾಗೆಯೇ ನಿಂತಳು. ಅವಳ ತುಟಿ ಏನನ್ನೋ ಲೆಕ್ಕ ಹಾಕುತ್ತಿತ್ತು.

"ಅಲ್ಲಾ, ನಾವು ಅಂಕಯ್ಯನ ಒಲ್ದಲ್ಲಿ ಎಷ್ಟು ದಿನ ಎತ್ತಿದ್ವಿ?"

"ಎರಡು. ಅದು ನಾಲೆ ಕೆಲ್ಸ ಅಂತಲ್ವಾ?"

"ನಾಲೆ ಅಲ್ಲ ಅಂತ ಮೇಸ್ಟ್ರೇ ಯೋಳವ್ರಲ್ಲ. ನಾಲೆ ಅಲ್ದೇ ಇದ್ಮೇಲೆ ಅದು ನಾಲೆ ಕೆಲ್ಸ ಎಂಗಾಯ್ತದೆ? ಬ್ಯಾರೆಯೋರ ಒಲ್ದಲ್ಲಿ ದುಡಿದ್ರೆ ಅದು ಮುಯ್ಯಿ."

ಆ ಮಾತು ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಯಾವ ಸತ್ಯ ಕೆಲಸವನ್ನು ನಿಲ್ಲಿಸಿತ್ತೋ ಅದೇ ಸತ್ಯವನ್ನು ಅವಳು ಮಗುಚಿ ಹಾಕಿದ್ದಳು. ನಾಲೆಯಾಗಿದ್ದರೆ ಯಾರಿಗೆ ಯಾರೂ ಏನೂ ತೀರಿಸಬೇಕಾಗಿರಲಿಲ್ಲ. ಈಗ ಪೂರ್ವದ ಒಂಬತ್ತು ಮನೆಯವರು ಜವರಯ್ಯನಿಗೆ ಮುಯ್ಯಿ ತೀರಿಸಬೇಕು. ಹೊನ್ನಯ್ಯನಿಗೂ ತೀರಿಸಬೇಕು.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಬೆಟ್ಟಮ್ಮ ಆ ಮಾತನ್ನು ಹರಡಿದಳು. ನಾನು ಬಸ್ಸಿಳಿದು ಬರುವ ಹೊತ್ತಿಗೆ ಬಾವಿಕಟ್ಟೆಯ ಮೇಲೆ ವಾದ ಜೋರಾಗಿತ್ತು.

"ಇದೇನವ್ವ ಹೊಸ ಲೆಕ್ಕ?" ಎಂದಳು ಅಂಕಯ್ಯನ ಹೆಂಡತಿ ಮಂಚಮ್ಮ.

"ಹೊಸದಲ್ಲ ಕಣಮ್ಮ, ಹಳೇದೇ. ನಿಮ್ ಒಲ್ದ ಬದು ಆಯ್ತು, ನೀವು ಎಳ್ಳು ಬಿತ್ಕಳ್ಳಿ. ನಮ್ ಮುಯ್ಯಿ ಇಟ್ಕಂಡೇ ಕೂರಿಗೆ ಕಟ್ತೀವಿ ಅಂದ್ರೆ ಕಟ್ಟಿ. ನಾನೇನು ಅಡ್ಡ ಮಲೀಕತೀನಾ?"

ಮಂಚಮ್ಮ ಕೊಡವನ್ನು ಇಳಿಸಿ ನನ್ನನ್ನು ನೋಡಿದಳು. "ಮೇಸ್ಟ್ರೆ, ನೀವು ನಿಜ ಯೋಳೋರು. ಅದು ಮುಯ್ಯಿ ಆಯ್ತದಾ?"

ಜೀವನದಲ್ಲಿ ನನ್ನನ್ನು ಕೇಳಿದ ಧರ್ಮಪ್ರಶ್ನೆಗಳಲ್ಲಿ ಅದೇ ದೊಡ್ಡದು. "ಅದು ನಿಮ್ಮ ಊರಿನ ಕಾನೂನು. ನೀವೇ ಹೇಳಬೇಕು, ನಾನಲ್ಲ" ಎಂದೆ. ಈ ಒಂದು ಉತ್ತರದ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ.

ಅಂದು ಮಧ್ಯಾಹ್ನದ ಹೊತ್ತಿಗೆ ಅಂಕಯ್ಯ ಗುದ್ದಲಿ ಹೆಗಲಿಗೆ ಹಾಕಿಕೊಂಡು ಬಂದ. "ನಾಲೆನೂ ಇಲ್ಲ, ಗೀಲೆನೂ ಇಲ್ಲ. ಎರಡು ದಿನದ ಮುಯ್ಯಿಗೆ ಬಂದೀನಿ" ಎಂದು ಗೊಣಗಿ ಕೆಲಸಕ್ಕಿಳಿದ. ಸಂಜೆಗೆ ಐದು ಮನೆಯವರಾದರು. ಬಿಸಿ ಊಟ ಹಾಕುವ ಕಷ್ಟಕ್ಕೆ ಬೆಟ್ಟಮ್ಮ ತನ್ನ ಬುದ್ಧಿಯನ್ನು ತಾನೇ ಬೈದುಕೊಂಡಳು.

ಜವರಯ್ಯನ ಹೊಲ ಮುಗಿಯುವ ಹೊತ್ತಿಗೆ ಭರಣಿಯ ಹದವಾದ ಹನಿ ಬಿತ್ತು. ಸುಣ್ಣದ ಗೆರೆ ಅಳಿಸಿಹೋಯಿತು. ಗೆರೆ ಎಳೆದವನು ಕೆರಗೋಡಿನ ಕಡೆ ಇದ್ದ, ದುರ್ಬೀನೂ ಅವನ ಜೊತೆಯಲ್ಲಿತ್ತು. ಮಟ್ಟ ತಪ್ಪಿದರೆ ತಗ್ಗಿದಲ್ಲಿ ನೀರು ನಿಂತು ಏರಿ ಒಡೆಯುತ್ತದೆ. ನಾನು ಕೈಚೆಲ್ಲಿ ಹೊನ್ನಯ್ಯನ ಹೊಲದ ಕಡೆ ನೋಡಿದೆ. ಒದ್ದೆ ಮಣ್ಣಿನ ಮೇಲೆ, ಹತ್ತು ಹೆಜ್ಜೆಗೊಂದರಂತೆ, ಬೆಟ್ಟಮ್ಮನ ಕಲ್ಲುಗಳು ಕೋಡಿಯವರೆಗೂ ಸಾಲಾಗಿ ನಿಂತಿದ್ದವು. ಕುಂಕುಮ ಇಟ್ಟ ಕಲ್ಲನ್ನು ಯಾರೂ ಕಿತ್ತಿರಲಿಲ್ಲ. ಸಿಟ್ಟಿನಲ್ಲಿದ್ದ ಹೊನ್ನಯ್ಯನೂ ಮುಟ್ಟಿರಲಿಲ್ಲ.

ಅವನು ತನ್ನ ಹೊಲದ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ನಮ್ಮೆಲ್ಲರನ್ನೂ ನೋಡುತ್ತಿದ್ದ. ಜವರಯ್ಯ ಹೋಗಿ ಪಕ್ಕದಲ್ಲಿ ಕುಳಿತ.

"ಏನ್ಲಾ ಒನ್ನ, ಏನಂತೀಯ?"

"ನನ್ನ ಒಲ ಸೀಳ್ತೀರಾ, ಅದೂ ನೀರಿಲ್ದೇ ಇರೋ ನಾಲೆಗೆ."

"ಬ್ಯಾಡ ಅಂದ್ರೆ ಬುಡ್ಲಾ. ನಿಂಗೆ ಒಂಬತ್ ದಿನದ ಮುಯ್ಯಿ ಬರ್ಬೇಕಲ್ಲ, ಅದ್ನ ಬುಟ್ಬುಡು."

ಹೊನ್ನಯ್ಯ ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡಿದ. ಒಂಬತ್ತು ದಿನ, ಮನೆಗೆ ಇಬ್ಬರು. "ಅದೆಂಗ್ಲಾ ಬುಡ್ಲಿ?" ಎಂದು ಎದ್ದ. ನನ್ನ ಮುಂದೆ ಹಾದು ಹೋಗುವಾಗ ಒಡೆದ ಅಂಗೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿ ನಿಂತ. "ಸೊಂಟ ಎಂಗದೆ ಮೇಸ್ಟ್ರೆ?"

"ಇದೆಯೆಂದು ಈಗ ಗೊತ್ತಾಗಿದೆ."

ಅವನು ನಕ್ಕ. ಕುಂಕುಮದ ಕಲ್ಲಿನಿಂದ ಕಲ್ಲಿಗೆ ಹಗ್ಗ ಹಿಡಿದು ಆರು ದಿನಗಳಲ್ಲಿ ಏರಿ ಕೋಡಿ ಮುಟ್ಟಿತು. ಕೋಡಿಗೆ ಕಲ್ಲು ಜೋಡಿಸಿದವನು ಹೊನ್ನಯ್ಯನೇ. ಬೇರೆಯವರು ಜೋಡಿಸಿದ್ದನ್ನು ಎರಡು ಸಲ ಕಿತ್ತು ಹಾಕಿದ.

ಕೃತ್ತಿಕೆಯ ಎರಡನೆಯ ದಿನ ಮಧ್ಯಾಹ್ನ ಮಳೆ ಹೊಯ್ಯಿತು. ನಾನು ಮರುದಿನ ಬೆಳಿಗ್ಗೆ, ರಜೆಯಿದ್ದರೂ, ಬಸ್ಸು ಹತ್ತಿದೆ. ಹನ್ನೊಂದು ಹೊಲಗಳ ಉದ್ದಕ್ಕೂ ಏರಿಯ ಮಗ್ಗುಲಲ್ಲಿ ಕೆಂಪು ನೀರು ಒಂದೇ ಮಟ್ಟದಲ್ಲಿ, ಅಲುಗಾಡದೆ ನಿಂತಿತ್ತು. ಕೋಡಿಯ ಕಲ್ಲುಗಳ ಮೇಲೆ ತೆಳುವಾಗಿ ಜಾರುತ್ತಿದ್ದ ನೀರಿನಲ್ಲಿ ಮಣ್ಣಿರಲಿಲ್ಲ. ಜವರಯ್ಯನ ಹೊಲದಲ್ಲಿ ಒಂದು ಕೊರಕಲೂ ಬಿದ್ದಿರಲಿಲ್ಲ. ಅವನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಏರಿಯ ಮೇಲೆ ನಡೆಯುತ್ತಿದ್ದ.

ಬೆಟ್ಟಮ್ಮ ನೀರಿಗೆ ಕಾಲು ಇಳಿಬಿಟ್ಟು ಏರಿಯ ಮೇಲೆ ಕುಳಿತಿದ್ದಳು.

"ಇದು ನಾಲೆ ಅಲ್ಲ ಅಂದ್ರಲ್ಲಾ ನೀವು?"

"ಅಲ್ಲ ಬೆಟ್ಟಮ್ಮ."

"ಈ ನೀರು ಎಲ್ಲೀದು?"

"ನಿಮ್ಮ ಹೊಲದ ಮೇಲೆ ಬಿದ್ದದ್ದೇ."

"ಅಂಗಾದ್ರೆ ಮೇಲ್ಗಡೆ ಯಾರೂ ಗೇಟು ಆಕಕ್ಕಾಗಲ್ಲ." ಅವಳು ಕಾಲಿನಿಂದ ನೀರನ್ನು ಒಮ್ಮೆ ಕಲಕಿದಳು. "ವಾಸಿ ಬುಡಿ. ನಾನು ಕಲ್ಲಿಗೆ ಕುಂಕ್ಮ ಇಟ್ಟಿದ್ದು ದಂಡ ಆಗ್ನಿಲ್ಲ."

ದಂಡವಾಗಲಿಲ್ಲವೆಂದು ತೋರಿಸಲು ಈ ಸಲ ಕಪ್ಪುಹಲಗೆ ಬೇಕಿರಲಿಲ್ಲ. ಅವಳ ಪಕ್ಕದಲ್ಲಿ ಚಪ್ಪಲಿ ಬಿಚ್ಚಿ ಕುಳಿತೆ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಪ್ರಾರ್ಥನೆ ಮುಗಿಯುವ ಮೊದಲೇ ಜವರಯ್ಯ ಗುದ್ದಲಿ ಹಿಡಿದು ಅಂಗಳದಲ್ಲಿ ನಿಂತಿದ್ದ. ಅವನ ಹಿಂದೆ ಹೊನ್ನಯ್ಯ.

"ರಾಗಿಗೆ ಕೂರಿಗೆ ಕಟ್ಬೇಕು ಸ್ವಾಮಿ" ಎಂದ ಜವರಯ್ಯ. "ನಿಮ್ಮ ಮುಯ್ಯಿ ಅಂಗೇ ಉಳ್ಕಂಡದೆ. ಎಲ್ಲಿ ಅಗೀಲಿ, ತೋರ್ಸಿ."

ಶಾಲೆಯ ಹಿಂದಿನ ಇಳಿಜಾರಿನಲ್ಲಿ ಪ್ರತಿ ಮಳೆಗೂ ಅಂಗಳದ ಮಣ್ಣು ಕೊಚ್ಚಿಹೋಗುತ್ತಿತ್ತು. ಒಂಬತ್ತು ವರ್ಷ ಅದನ್ನು ನೋಡಿ ಸರ್ಕಾರಕ್ಕೆ ಅರ್ಜಿ ಬರೆದಿದ್ದೆನೇ ಹೊರತು ಒಂದು ಮಂಕರಿ ಮಣ್ಣು ಎತ್ತಿರಲಿಲ್ಲ. ನಾನು ಆ ಜಾಗ ತೋರಿಸಿದೆ. ಹೊನ್ನಯ್ಯ ಅದನ್ನು ಒಂದು ಕಣ್ಣು ಮುಚ್ಚಿ ನೋಡಿ, ಪಂಚೆಯ ಮಡಿಕೆಯಿಂದ ಕುಂಕುಮದ ಪೊಟ್ಟಣ ತೆಗೆದ. "ಬೆಟ್ಟಮ್ಮ ಕೊಟ್ಟವ್ಳೆ. ಕಲ್ಲು ನೀವು ನೆಡಿ. ಗುದ್ಲಿ ನಮ್ಗೆ ಬುಡಿ" ಎಂದ.